ಕೊಟ್ಟಿಗೆ ಹಿಂದಿನ ಮರ

ಹಾಲ್ಕುರಿಕೆ
12 ಜನವರಿ 2023

ಅಣ್ಣನಿಗೆ,

ಅಮ್ಮನ ಮಂಡಿನೋವು ಹಾಗೆಯೇ ಇದೆ. ಕೆಂದ ಹಸು ಹೆಣ್ಣುಗರು ಹಾಕಿದೆ. ಮನೆಯ ವಿಷಯ ಇಷ್ಟೇ.

ನಿನ್ನನ್ನು ಬಳ್ಳಾರಿ ಜೈಲಿಗೆ ಕಳಿಸಿದ್ದಾರೆ ಎಂದು ವಕೀಲರು ಹೇಳಿದರು. ಅಷ್ಟು ದೂರ ಬಸ್ಸಿನಲ್ಲಿ ಕೂರಲು ಅಮ್ಮನಿಂದ ಆಗುವುದಿಲ್ಲ. ಅಮ್ಮನನ್ನು ಬಿಟ್ಟು ನಾನು ಬರಲು ಆಗುವುದಿಲ್ಲ. ಫೋನು ಮಾಡಿದಾಗ ನಿನ್ನ ಹಿಂದೆ ಬೇರೆಯವರು ಸಾಲು ನಿಂತಿರುತ್ತಾರೆ. ನನಗೆ ಮಾತು ಕೂಡಿಬರುವ ಹೊತ್ತಿಗೆ ಲೈನು ಹೋಗಿರುತ್ತದೆ. ಬರೆಯುವಾಗ ಯಾರೂ ಅವಸರ ಮಾಡುವುದಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಕೋರ್ಟಿನಲ್ಲಿ ನಾನು ಸರಿಯಾಗಿ ಮಾತಾಡಲಿಲ್ಲ ಎಂದು ನೀನು ಒಂದು ದಿನವೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಹುಚ್ಚಣ್ಣನ ಅಟ್ಟಕ್ಕೆ ಬೆಂಕಿ ಬಿದ್ದ ಸಂಜೆ ಅಣ್ಣ ನಮ್ಮ ಅಂಗಳದಲ್ಲಿ ನನ್ನ ಎದುರು ಕೂತು ಕಾಯಿ ಸುಲಿಯುತ್ತಿದ್ದ ಎಂದು ಹೇಳಬೇಕಿತ್ತು. ಹೇಳಿದೆ. ಜೋರಾಗಿ ಹೇಳಮ್ಮ ಎಂದರು. ಮತ್ತೆ ಹೇಳಿದೆ. ಅವರ ಕಡೆಯ ವಕೀಲರು ನಕ್ಕು, "ತಂಗಿಯಾದವಳು ಇಷ್ಟೂ ಹೇಳದಿದ್ದರೆ ಹೇಗೆ ಸ್ವಾಮಿ" ಎಂದರು. ಆಮೇಲೆ ಕೇಳಿದ್ದಕ್ಕೆಲ್ಲ ಬರೀ ತಲೆಯಾಡಿಸಿ ಕೆಳಗಿಳಿದು ಬಂದೆ. ಹುಚ್ಚಣ್ಣ ಬಂದು ನಿಂತು, "ನನ್ ಕಣ್ಣಾರೆ ಕಂಡಿವ್ನಿ ಸ್ವಾಮಿ, ತಿಮ್ಮರಾಜು ಅಟ್ಟದ ಕೆಳಗಿಂದ ಓಡೋದ" ಎಂದ. ಅವನ ಧ್ವನಿ ಎಲ್ಲಿಯೂ ತಡವರಿಸಲಿಲ್ಲ.

ಕಾಯಿ ಒಣಗಲೆಂದು ಅಟ್ಟದ ಕೆಳಗೆ ಮಟ್ಟೆ ಹಾಕಿ ಹೊಗೆ ಎಬ್ಬಿಸಿದ್ದು ಅವನೇ ಎಂದು ಊರಿಗೆಲ್ಲ ಗೊತ್ತು. ಹೊಗೆ ಬಿಟ್ಟು ಹಾಗೆಯೇ ಎದ್ದು ಹೋಗಿದ್ದಾನೆ. ಅಟ್ಟದ ಮೇಲೆ ಇದ್ದದ್ದು ಅವನೊಬ್ಬನ ಕೊಬ್ಬರಿಯಲ್ಲ, ಅಣ್ಣತಮ್ಮಂದಿರೆಲ್ಲರ ಇಡೀ ವರ್ಷದ ಕಾಯಿ. ಅವರ ಎದುರು ತನ್ನ ತಪ್ಪು ಎಂದು ನಿಲ್ಲಲಾರದೆ ಅವನಿಗೆ ತಪ್ಪು ಹೊರಿಸಲು ಒಬ್ಬ ಬೇಕಾಗಿತ್ತು. ಆ ದಿನ ಬೆಳಿಗ್ಗೆ ತಾನೇ ದಾರಿ ವಿಷಯಕ್ಕೆ ನೀನು ಅವನ ಜೊತೆ ಜಗಳ ಆಡಿದ್ದೆ. ನೀನು ಸಿಕ್ಕಿದೆ.

ಈಗ ಹೊಸ ಅಟ್ಟ ಕಟ್ಟಿಸುತ್ತಿದ್ದಾನೆ. ಉಳಿ ಹೊಡೆಯುವ ಸದ್ದು ನಮ್ಮ ಅಡುಗೆ ಮನೆಗೆ ಕೇಳಿಸುತ್ತದೆ.

ಅನಿತಾ


ಬಳ್ಳಾರಿ ಜೈಲು
3 ಫೆಬ್ರವರಿ 2023

ಅನಿತಾ,

ಪತ್ರ ಸಿಕ್ಕಿತು. ನೀನು ಕೋರ್ಟಿನ ವಿಷಯ ಇನ್ನೊಮ್ಮೆ ಎತ್ತಬೇಡ. ನೀನು ಚಿಕ್ಕವಳಿದ್ದಾಗ ಅಂಗಡಿಗೆ ಕಳಿಸಿದರೆ ಬೆಲ್ಲ ಕೇಳಲು ನಾಚಿಕೊಂಡು ಬರಿಗೈಲಿ ಬರುತ್ತಿದ್ದೆ. ನಿನ್ನನ್ನು ಅಲ್ಲಿ ನಿಲ್ಲಿಸಿದ್ದೇ ತಪ್ಪು.

ನಾನು ಇಲ್ಲಿ ಗೋಡೆ ನೋಡಿಕೊಂಡು ಒಂದೇ ಯೋಚನೆ ಮಾಡುತ್ತೇನೆ. ಹೊರಗೆ ಬಂದ ದಿನ ಮನೆಗೆ ಬರುವುದಿಲ್ಲ. ಮಚ್ಚು ತೆಗೆದುಕೊಂಡು ನೇರವಾಗಿ ಅವನ ತೋಟಕ್ಕೆ ಹೋಗುತ್ತೇನೆ. ಒಂದೊಂದೇ ಮರ ಹತ್ತಿ ಸುಳಿ ಕಡಿಯುತ್ತೇನೆ. ತೆಂಗಿನ ಮರಕ್ಕೆ ಸುಳಿ ಹೋದರೆ ಮುಗಿಯಿತು. ಅವನು ಕೆಳಗೆ ನಿಂತು ಬಾಯಿ ಬಡಿದುಕೊಳ್ಳಲಿ. ಆಮೇಲೆ ಬೇಕಾದರೆ ಮತ್ತೆ ಇಲ್ಲಿಗೇ ಕರೆತರಲಿ.

ಹಿತ್ತಲಿನ ಮರಗಳಿಗೆ ಯಾರು ಹತ್ತುತ್ತಿದ್ದಾರೆ? ಬಾವಿ ಪಕ್ಕದ ತಾಯಿ ಮರದ ಬೀಜದ ಕಾಯಿಯನ್ನು ಕಂಡವರಿಗೆ ಕೊಡಬೇಡ. ಹುಷಾರು.

ತಿಮ್ಮರಾಜು


ಹಾಲ್ಕುರಿಕೆ
20 ಮಾರ್ಚ್ 2023

ಅಣ್ಣನಿಗೆ,

ಮಚ್ಚಿನ ವಿಷಯ ಬರೆಯಬೇಡ. ನಿನ್ನ ಕಾಗದವನ್ನು ಅಲ್ಲಿ ಓದಿದ ಮೇಲೆಯೇ ಅಂಚೆಗೆ ಹಾಕುತ್ತಾರೆ ಎಂದು ವಕೀಲರು ಹೇಳಿದ್ದಾರೆ. ನನ್ನದನ್ನೂ ಓದುತ್ತಾರೆ. ಆದ್ದರಿಂದ ನಾನು ತೋಟದ ವಿಷಯ ಮಾತ್ರ ಬರೆಯುತ್ತೇನೆ.

ನೀನು ಹೋದ ಮೇಲೆ ಮರ ಹತ್ತುವವರು ಇಲ್ಲ. ಕೂಲಿಯವನು ತಿಂಗಳಾದರೂ ಬರುವುದಿಲ್ಲ. ಎಲ್ಲ ಮರಗಳಲ್ಲೂ ಕಾಯಿ ಬಲಿತು ನಿಂತಿದೆ. ಕೊಟ್ಟಿಗೆ ಹಿಂದಿನ ಮರವನ್ನು ನೀನು ನೋಡಬೇಕು. ಗೊನೆಯ ಮೇಲೆ ಗೊನೆ ಬಿದ್ದು ಸೋಗೆ ಜಗ್ಗಿದೆ. ನಾವು ಕಂಡಂತೆ ಆ ಮರದ ಕಾಯಿ ನಮ್ಮ ಅಟ್ಟಕ್ಕೆ ಹತ್ತಿದ್ದಲ್ಲ, ನಿನಗೆ ಗೊತ್ತು.

ಮೊನ್ನೆ ಹುಚ್ಚಣ್ಣ ನಮ್ಮ ಮನೆಗೆ ಬಂದ. ಹೌದು, ನಮ್ಮ ಮನೆಗೆ. ಅಣ್ಣತಮ್ಮಂದಿರು ಪಾಲಾಗಿದ್ದಾರೆ. ಅವನ ಪಾಲಿಗೆ ರಸ್ತೆ ಪಕ್ಕದ ತೋಟ ಬಂದಿದೆ. ಅಲ್ಲಿ ಕಾಂಡ ಸೋರುವ ರೋಗ ಬಂದು ಸಾಲುಸಾಲು ಮರ ಒಣಗಿವೆ. ಹೊಸದಾಗಿ ಸಸಿ ಇಡಬೇಕು. ಅಮ್ಮ ಒಳಗೆ ಹೋಗಿ ಗೋಡೆಗೆ ಮುಖ ಮಾಡಿ ಕೂತಳು. ನಾನು ಬಾಗಿಲಲ್ಲಿ ನಿಂತಿದ್ದೆ.

"ಏನವ್ವಾ ಅನಿತಾ, ಅವ್ವ ಚೆನ್ನಾಗವ್ಳಾ?"

"ಹೂಂ."

"ಹಳೇದೆಲ್ಲ ಮನಸಲ್ಲಿ ಇಟ್ಕೋಬ್ಯಾಡ ಕಣವ್ವ. ಕೋರ್ಟು ಹೇಳಿದ್ದು, ನಾನೇಳಿದ್ದಲ್ಲ. ಊರು ಅಂದ್ಮ್ಯಾಕೆ ಒಬ್ರಿಗೊಬ್ರು ಬೇಕಾಯ್ತದೆ."

ಅವನ ಕಣ್ಣು ನನ್ನ ಮೇಲೆ ಇರಲಿಲ್ಲ. ನನ್ನ ತಲೆಯ ಮೇಲಿಂದ ಹಿತ್ತಲನ್ನು ನೋಡುತ್ತಿದ್ದ. ನಾನಿನ್ನೂ ಬಾವಿ ಪಕ್ಕದ ಮರ ಕೇಳುತ್ತಾನೆ ಎಂದುಕೊಂಡೆ. ಅವನು ಕೈ ಎತ್ತಿ ಕೊಟ್ಟಿಗೆ ಹಿಂದಕ್ಕೆ ತೋರಿಸಿದ.

"ಅಬ್ಬಬ್ಬ, ಏನ್ ಗೊನೆ ಹಾಕೈತೆ. ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ರಿ ಈ ಮರನಾ? ನಂಗೆ ಆ ಮರದ ಸಸಿನೇ ಬೇಕು ಕಣವ್ವ. ನಾನು ಸಸಿ ಮಡಿ ಮಾಡಿದ್ರೆ ಗೆದ್ದಲು ಹತ್ತತೈತೆ. ನಿನ್ ಕೈಗುಣ ಚೆನ್ನಾಗೈತಂತೆ. ನೀನೇ ಎಬ್ಬಿಸಿಕೊಡು."

"ಆಗಲಿ ದೊಡ್ಡಪ್ಪ" ಎಂದೆ. ಇಷ್ಟೇ ನಡೆದದ್ದು.

ಅನಿತಾ


ಬಳ್ಳಾರಿ ಜೈಲು
9 ಏಪ್ರಿಲ್ 2023

ಅನಿತಾ,

ಆಗಲಿ ದೊಡ್ಡಪ್ಪ ಅಂದೆಯಾ? ನಿನ್ನ ಬಾಯಿಗೆ ಆ ಮಾತು ಹೇಗೆ ಬಂತು?

ನಾನಿಲ್ಲಿ ಅವನಿಂದಾಗಿ ಮುದ್ದೆಯ ತಟ್ಟೆ ಹಿಡಿದು ಸಾಲು ನಿಲ್ಲುತ್ತೇನೆ. ನೀನು ಅಲ್ಲಿ ಅವನ ತೋಟಕ್ಕೆ ಸಸಿ ಎಬ್ಬಿಸುತ್ತೀಯ. ಕೋರ್ಟಿನಲ್ಲಿ ಮಾತು ಬರಲಿಲ್ಲ, ಸರಿ, ಅದು ನಿನ್ನ ಸ್ವಭಾವ. ಆದರೆ ಮನೆ ಬಾಗಿಲಲ್ಲಿ ನಿಂತು ಇಲ್ಲ ಅನ್ನುವುದಕ್ಕೂ ಬರಲಿಲ್ಲವೇ? ಎರಡಕ್ಷರ ಅದು. ಬಾಗಿಲನ್ನಾದರೂ ಮುಚ್ಚಬಹುದಿತ್ತು.

ಅಮ್ಮ ಗೋಡೆಗೆ ಮುಖ ಮಾಡಿ ಕೂತಳು ಎಂದು ಬರೆದಿದ್ದೀಯ. ಅವಳಿಗಿರುವ ರೋಷ ನಿನಗಿಲ್ಲ. ನನಗೆ ಇನ್ನು ಕಾಗದ ಬರೆಯಬೇಡ.

ತಿಮ್ಮರಾಜು


ಹಾಲ್ಕುರಿಕೆ
28 ಏಪ್ರಿಲ್ 2023

ಅಣ್ಣನಿಗೆ,

ಬರೆಯಬೇಡ ಎಂದೆ ನೀನು, ಆದರೂ ಬರೆಯುತ್ತಿದ್ದೇನೆ. ನೀನು ನನ್ನ ಕಾಗದವನ್ನು ಸಿಟ್ಟಿನಲ್ಲಿ ಓದಿದ್ದೀಯ. ಯಾವ ಮರ ಎಂದು ಬರೆದಿದ್ದೆ, ನೀನು ನೋಡಲಿಲ್ಲ. ಬೇಸಿಗೆ ಬಿಸಿಲು, ಕೆಲಸವೂ ಇಲ್ಲ. ಅದರಿಂದ ನಮ್ಮ ಅಜ್ಜಿಯ ವಿಷಯ ಬರೆಯುತ್ತೇನೆ. ಓದುವವರು ಯಾರಾದರೂ ಓದಿಕೊಳ್ಳಲಿ, ಅಜ್ಜಿಯ ಕಥೆ ಓದಿದರೆ ಯಾರಿಗೂ ನಷ್ಟವಿಲ್ಲ.

ಕೊಟ್ಟಿಗೆ ಹಿಂದಿನ ಆ ಮರಕ್ಕೆ ಮೊದಲ ಫಲ ಬಂದಾಗ ಅಜ್ಜಿ ಕುಣಿದಾಡಿದ್ದಳಂತೆ. ಅಷ್ಟು ಕಾಯಿ. ಎಲ್ಲವನ್ನೂ ಅಟ್ಟಕ್ಕೆ ಹಾಕಿ ವರ್ಷ ಕಾದರು. ಇಳಿಸಿ ಅಲುಗಾಡಿಸಿದರೆ ಒಂದೂ ಗಿಟುಕು ಆಗಿರಲಿಲ್ಲ. ಒಳಗೆ ಕೊಬ್ಬರಿ ಬಿಟ್ಟುಕೊಂಡು ಲೊಟಲೊಟ ಅನ್ನಬೇಕಲ್ಲ, ಒಂದರಲ್ಲೂ ಸದ್ದಿಲ್ಲ. ಒಡೆದರೆ ಎಲ್ಲ ಕೊಳೆತು ಕಪ್ಪಾಗಿ ನಾರುತ್ತಿತ್ತು. ಮಾರನೆ ವರ್ಷವೂ ಹಾಗೆಯೇ. ಎಳನೀರು ಕುಡಿದರೆ ಬೂದಿ ನೀರಿನ ರುಚಿ. ಅಪ್ಪ ಕಡಿಯಲು ಹೋದಾಗ ಅಜ್ಜಿ ಮರ ತಬ್ಬಿಕೊಂಡು, "ತೆಂಗು ಕಡಿಯೋದೂ ಒಂದೇ, ಹೆತ್ತ ಮಗನ್ನ ಕಡಿಯೋದೂ ಒಂದೇ. ನಿಂತಿರ್ಲಿ ಬುಡು" ಎಂದಳು. ಮನೆಮಗನ ಕುಂದನ್ನು ಬೀದಿಯಲ್ಲಿ ಹೇಳುತ್ತಾರೆಯೇ? ಯಾರಿಗೂ ಹೇಳಲಿಲ್ಲ. ಅದರ ಕಾಯಿಯನ್ನು ಎಳಸಿನಲ್ಲೇ ಅಪ್ಪ ಇಳಿಸುತ್ತಿದ್ದ, ಆಮೇಲೆ ನೀನು ಇಳಿಸುತ್ತಿದ್ದೆ. ಅದಕ್ಕೇ ಊರಿನವರು ಅದರ ಬಲಿತ ಗೊನೆ ನೋಡಿಯೇ ಇರಲಿಲ್ಲ. ಇಳಿಸುವವನನ್ನು ಜೈಲಿಗೆ ಕಳಿಸಿದ ಮೇಲೆ ಹುಚ್ಚಣ್ಣನಿಗೆ ಕಾಣಿಸಿತು.

ತುರುವೇಕೆರೆ ಚಿಕ್ಕಜ್ಜಿ ಒಮ್ಮೆ ಯಾರನ್ನೂ ಕೇಳದೆ ಅದರ ಕಾಯಿ ಒಯ್ದು ತನ್ನ ಹಿತ್ತಲಲ್ಲಿ ನೆಟ್ಟಿದ್ದಳು. ಆ ಗಿಡಗಳೂ ತಾಯಿಯ ಹಾಗೆಯೇ ಆದವು. ಚಿಕ್ಕಜ್ಜಿ ಆಮೇಲೆ ನಮ್ಮ ಮನೆಯ ಮದುವೆಗೂ ಬರಲಿಲ್ಲ.

ತೆಂಗು ಫಲ ಕೊಡಲು ಆರೇಳು ವರ್ಷ ಬೇಕು. ಅಟ್ಟದ ಮೇಲೆ ಇನ್ನೊಂದು ವರ್ಷ. ಅಲ್ಲಿಯವರೆಗೆ ಗೊಬ್ಬರ ಹಾಕಬೇಕು, ನೀರು ಕಟ್ಟಬೇಕು, ದುಂಬಿ ಬೀಳದ ಹಾಗೆ ಸುಳಿ ಕಾಯಬೇಕು. ಆಮೇಲೆ ಒಡೆದು ನೋಡಬೇಕು. ಕೆಟ್ಟದ್ದು ಎಂದು ಗೊತ್ತಾದ ಮೇಲೂ ನಮ್ಮ ಕಡೆ ಯಾರು ತೆಂಗಿನ ಮರಕ್ಕೆ ಕೊಡಲಿ ಇಡುತ್ತಾರೆ? ಅದು ನಿಂತೇ ಇರುತ್ತದೆ. ಮೊಮ್ಮಕ್ಕಳ ಕಾಲಕ್ಕೂ ನಿಂತಿರುತ್ತದೆ.

ನೀನು ಮಚ್ಚು ಹಿಡಿದು ಕಡಿಯುತ್ತೇನೆ ಎಂದಿದ್ದೆ. ಕಡಿದರೆ ಒಂದು ದಿನದಲ್ಲಿ ಮುಗಿಯುತ್ತದೆ.

ಅನಿತಾ


ಬಳ್ಳಾರಿ ಜೈಲು
15 ಮೇ 2023

ತಂಗಿ,

ಕಾಗದ ಓದಿ ಎಷ್ಟು ನಕ್ಕೆನೆಂದರೆ ನನ್ನ ಪಕ್ಕದ ಚಾಪೆಯ ಮುದುಕ ಚಿಕ್ಕಹನುಮಯ್ಯ ಹೆದರಿಕೊಂಡ. ಅವನು ಚಿಕ್ಕನಾಯಕನಹಳ್ಳಿ ಕಡೆಯವನು, ಬದುವಿನ ಜಗಳದಲ್ಲಿ ಒಬ್ಬನನ್ನು ಹೊಡೆದು ಬಂದವನು. "ಯಾಕ್ಲಾ, ಮನೇಲಿ ಏನ್ ಸಮಾಚಾರ?" ಎಂದ. "ನಮ್ ಅಜ್ಜಿ ಕಥೆ ಕಣಜ್ಜ" ಎಂದೆ. "ಅಜ್ಜಿ ಕಥೆಗೆ ಹಿಂಗ್ ನಗ್ತಾರಾ? ತಲೆ ಕೆಟ್ಟೋಗೈತೆ ನಿಂಗೆ" ಎಂದು ಹೊದ್ದು ಮಲಗಿದ.

ನಿನ್ನನ್ನು ಬೈದದ್ದನ್ನು ಮರೆತುಬಿಡು. ನಮ್ಮ ಮನೆಯಲ್ಲಿ ರೋಷ ಇರುವುದು ಯಾರಿಗೆ ಎಂದು ನನಗೆ ತಿಳಿದಿರಲಿಲ್ಲ.

ಬೀಜದ ಕಾಯಿ ಮೇಲಿಂದ ಉದುರಿಸಬೇಡ. ಒಳಗೆ ಪೆಟ್ಟಾದರೆ ಮೊಳಕೆ ಬರುವುದಿಲ್ಲ. ಹಗ್ಗ ಕಟ್ಟಿ ಇಳಿಸು. ಎಲ್ಲ ಚೆನ್ನಾಗಿ ಮಾಡು. ಅವನಿಗೆ ಯಾವ ಕೊರತೆಯೂ ಆಗಬಾರದು.

ತಿಮ್ಮರಾಜು


ಹಾಲ್ಕುರಿಕೆ
2 ನವೆಂಬರ್ 2023

ಅಣ್ಣನಿಗೆ,

ಮಳೆ ನಡುವೆ ಬಿಡುವು ಸಿಗಲಿಲ್ಲ, ಅದಕ್ಕೆ ಇಷ್ಟು ತಡ. ಅಮ್ಮ ಈಗ ಕೋಲು ಹಿಡಿದು ಓಡಾಡುತ್ತಾಳೆ.

ಕೂಲಿಯವನನ್ನು ಹತ್ತಿಸಿ ಹಗ್ಗದಲ್ಲೇ ಇಳಿಸಿದೆವು. ನೆರಳಲ್ಲಿ ಇಟ್ಟು, ಒಂದೊಂದನ್ನೂ ಕಿವಿ ಹತ್ತಿರ ಅಲುಗಾಡಿಸಿ, ನೀರಿನ ಸದ್ದು ಇರುವುದನ್ನು ಮಾತ್ರ ಆರಿಸಿದೆ. ಬಚ್ಚಲ ನೀರು ಹರಿಯುವ ಕಡೆ ಮರಳು ಹಾಕಿ ಮಡಿ ಮಾಡಿ ಹೂತೆ. ಮಧ್ಯಾಹ್ನದ ಬಿಸಿಲು ಬೀಳದ ಹಾಗೆ ಮೇಲೆ ಸೋಗೆಯ ಚಪ್ಪರ. ಬೆಳಿಗ್ಗೆ ಎದ್ದ ಕೂಡಲೇ ಅಲ್ಲಿಗೆ ಹೋಗುತ್ತೇನೆ. ಸಿಪ್ಪೆ ಸೀಳಿಕೊಂಡು ಬಿಳಿ ಮೊಳಕೆ ಹೊರಗೆ ಬಂದದ್ದನ್ನು ನೋಡಿದರೆ ಹಸುಗೂಸಿನ ಹಲ್ಲಿನ ಹಾಗೆ. ತಡವಾಗಿ ಬಂದದ್ದನ್ನೆಲ್ಲ ಕಿತ್ತು ಹಾಕಿದೆ. ಕುತ್ತಿಗೆ ದಪ್ಪ ಇರುವುದನ್ನು, ಗರಿ ಬೇಗ ಒಡೆದದ್ದನ್ನು ಮಾತ್ರ ಉಳಿಸಿದೆ. ಇಷ್ಟು ಚೆಂದದ ಸಸಿಗಳನ್ನು ನಾನು ಎಂದೂ ಎಬ್ಬಿಸಿರಲಿಲ್ಲ.

ಹುಚ್ಚಣ್ಣನ ಹೆಂಡತಿ ಮರಿಯಮ್ಮ ವಾರಕ್ಕೊಮ್ಮೆ ಬಂದು ನೋಡಿಕೊಂಡು ಹೋಗುತ್ತಾಳೆ. ಬರುವಾಗ ಒಂದು ತಂಬಿಗೆ ಮಜ್ಜಿಗೆ ತರುತ್ತಾಳೆ. ಮೊದಲು ಅಮ್ಮ ಅದನ್ನು ಬಚ್ಚಲಿಗೆ ಚೆಲ್ಲುತ್ತಿದ್ದಳು. ಈಗ ನಾನು ಮಡಿಗೆ ಹಾಕುತ್ತೇನೆ.

"ನಿನ್ ಋಣ ನಾನು ಹೆಂಗ್ ತೀರ್ಸಲವ್ವ" ಎಂದಳು ಮೊನ್ನೆ. "ನಮ್ಮನೇಲಿ ಮೊಮ್ಮಗ ಹುಟ್ಟವ್ನೆ. ಇವು ಫಲಕ್ಕೆ ಬರೋ ಹೊತ್ಗೆ ಅವ್ನು ಇಸ್ಕೂಲಿಗೆ ಹೋಗ್ತಾ ಇರ್ತಾನೆ."

ಅವಳ ಮೇಲೆ ನನಗೆ ಸಿಟ್ಟಿಲ್ಲ. ಆದರೆ ನಿನ್ನನ್ನು ಪೊಲೀಸರು ಕರೆದುಕೊಂಡು ಹೋದ ದಿನ ಅವಳು ಜಗಲಿಯ ಮೇಲೆ ಕೂತು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ತಲೆ ಎತ್ತಲಿಲ್ಲ. ಅವಳ ಗಂಡ ಸುಳ್ಳು ಹೇಳುತ್ತಿದ್ದಾನೆ ಎಂದು ಅವಳಿಗೂ ಗೊತ್ತಿತ್ತು. ಮಡಿಯ ಮುಂದೆ ನಿಂತು ಅವಳು ಮಾತಾಡುವಾಗ ನನಗೆ ಆ ಮೊರ ಕಾಣಿಸುತ್ತದೆ.

ಮುಂದಿನ ಮುಂಗಾರಿಗೆ ನೆಡಲು ತಯಾರಾಗುತ್ತವೆ.

ಅನಿತಾ


ಬಳ್ಳಾರಿ ಜೈಲು
6 ಮೇ 2024

ತಂಗಿ ಅನಿತಾಗೆ,

ಬಹಳ ದಿನ ಬರೆಯಲಿಲ್ಲ. ಬರೆಯಲು ಕೂತಾಗೆಲ್ಲ ಏನು ಬರೆಯಬೇಕೋ ಅದು ಬರಲಿಲ್ಲ.

ನನ್ನನ್ನು ಇಲ್ಲಿನ ತೋಟಕ್ಕೆ ಹಾಕಿದ್ದಾರೆ. ಚಿಕ್ಕಹನುಮಯ್ಯನೂ ನಾನೂ ಬದನೆ, ನುಗ್ಗೆ ಬೆಳೆಯುತ್ತೇವೆ. ಗೋಡೆ ಪಕ್ಕದಲ್ಲಿ ನಾಲ್ಕು ತೆಂಗಿನ ಸಸಿ ಇಟ್ಟಿದ್ದೇವೆ. ಬಳ್ಳಾರಿ ಬಿಸಿಲಿಗೆ ಎರಡು ಸತ್ತವು. ಉಳಿದೆರಡಕ್ಕೆ ಮುದುಕ ತನ್ನ ಕುಡಿಯುವ ನೀರನ್ನೂ ಹಾಕುತ್ತಾನೆ. ಹೋದ ತಿಂಗಳು ಅವನಿಗೆ ಊರಿಂದ ಸುದ್ದಿ ಬಂತು. ಬದುವಿನ ಜಗಳದಲ್ಲಿ ಅವನ ಎದುರಾಳಿಗಳಲ್ಲಿ ಉಳಿದಿದ್ದ ಕೊನೆಯವನೂ ಸತ್ತನಂತೆ, ವಯಸ್ಸಾಗಿ. ಮುದುಕ ಗುದ್ದಲಿ ಇಟ್ಟು ಕೂತ. "ಈಗ ಯಾರ್ ಮ್ಯಾಲೆ ಸಿಟ್ಟು ಮಾಡ್ಲಿ ಕಣ್ಲಾ? ಇದ್ದಷ್ಟ್ ದಿನ ಅದೇ ಒಂದು ಕೆಲ್ಸ ಆಗಿತ್ತು" ಎಂದ. ಆಮೇಲೆ ಎರಡು ದಿನ ಊಟ ಮಾಡಲಿಲ್ಲ.

ಹುಚ್ಚಣ್ಣನಿಗೆ ಈಗಲೇ ಅರವತ್ತು ದಾಟಿದೆ. ಆ ಮರಗಳು ಫಲಕ್ಕೆ ಬಂದು, ಅಟ್ಟ ಹತ್ತಿ, ಒಡೆಯುವ ಹೊತ್ತಿಗೆ ಅವನಿರುತ್ತಾನೋ ಇಲ್ಲವೋ. ಕೊಳೆತ ಕಾಯಿ ಕೈಯಲ್ಲಿ ಹಿಡಿದು ನಿಲ್ಲುವವನು ಆ ಮಗು. ನಾನು ಜೈಲಿಗೆ ಬಂದ ಮೇಲೆ ಹುಟ್ಟಿದ್ದು ಅದು.

ಇನ್ನೊಂದು ವಿಷಯ. ರಸ್ತೆ ಪಕ್ಕದ ತೋಟ ಎಂದು ನೀನು ಬರೆದಿದ್ದೆ. ನಾನು ಬಂದ ಮೇಲೆ ದಿನಾ ಅದೇ ರಸ್ತೆಯಲ್ಲಿ ಓಡಾಡಬೇಕು. ಅವರು ಕೆಟ್ಟ ಗಿಡಕ್ಕೆ ನೀರು ಕಟ್ಟುವುದನ್ನು ನೋಡಿಕೊಂಡು ಓಡಾಡಬೇಕು. ನನ್ನಿಂದ ಆಗುವುದಿಲ್ಲ ತಂಗಿ. ಆಗುತ್ತದೆ ಎಂದುಕೊಂಡಿದ್ದೆ, ಆಗುವುದಿಲ್ಲ.

ಸಸಿ ಕೊಡಬೇಡ. ಕೊಳೆತು ಹೋಯಿತು ಎಂದು ಹೇಳು, ಹಂದಿ ತಿಂದಿತು ಎಂದು ಹೇಳು. ಕೊಡಬೇಡ.

ತಿಮ್ಮರಾಜು


ಹಾಲ್ಕುರಿಕೆ
24 ಜೂನ್ 2024

ಅಣ್ಣನಿಗೆ,

ನಿನ್ನ ಕಾಗದ ಮೇ ತಿಂಗಳಲ್ಲೇ ಬಂದಿತ್ತು. ನಾನು ಒಡೆಯದೆ ದೇವರ ಗೂಡಿನಲ್ಲಿ ಇಟ್ಟಿದ್ದೆ. ಕಳೆದ ಸಲದ ಕಾಗದಕ್ಕೆ ನೀನು ಆರು ತಿಂಗಳು ಉತ್ತರ ಬರೆಯಲಿಲ್ಲ. ಸಿಟ್ಟಿರುವವನು ಅಷ್ಟು ದಿನ ಸುಮ್ಮನಿರುವುದಿಲ್ಲ. ಒಳಗೆ ಏನಿರುತ್ತದೆ ಎಂದು ನನಗೆ ತಿಳಿದುಹೋಯಿತು. ನೆಟ್ಟ ಮೇಲೆ ಓದಿದೆ.

ಒಳ್ಳೆ ಮಳೆ ಬಿದ್ದ ಮಾರನೆ ದಿನ ಹುಚ್ಚಣ್ಣ ಟ್ರ್ಯಾಕ್ಟರು ತಂದ. ಬೇರು ಅಲುಗದ ಹಾಗೆ ನಾನೇ ನಿಂತು ಕೀಳಿಸಿದೆ. ಬೆಲೆ ಎಷ್ಟು ಎಂದು ಕೇಳಿದ. ನಮ್ಮ ಮನೆಯಲ್ಲಿ ಸಸಿ ಮಾರುವುದಿಲ್ಲ, ಕೊಡುತ್ತೇವೆ ಎಂದೆ. ಕೊಟ್ಟವರ ಕೈಯಲ್ಲೇ ಮೊದಲ ಸಸಿ ಗುಣಿಗೆ ಇಳಿಯಬೇಕಲ್ಲ, ನನ್ನನ್ನೂ ಕರೆದುಕೊಂಡು ಹೋದರು. ಮರಿಯಮ್ಮ ಅರಿಶಿನ ಕುಂಕುಮ ಕೊಟ್ಟು, ರವಿಕೆ ಬಟ್ಟೆ ಮಡಿಲಿಗೆ ಹಾಕಿದಳು. ನಾನು ಗುಣಿಗೆ ಇಳಿದೆ. ಸಸಿ ಇಟ್ಟು, ಸುತ್ತ ಮಣ್ಣು ತುಂಬಿ, ಗಾಳಿಗೆ ವಾಲದ ಹಾಗೆ ಕಾಲಿನಿಂದ ಒತ್ತಿದೆ.

ಹುಚ್ಚಣ್ಣ ಬಂದವರಿಗೆಲ್ಲ ಕೇಳುವ ಹಾಗೆ, "ನೋಡ್ರಲಾ, ಮನಸು ಅಂದ್ರೆ ಇದು. ಅಣ್ಣ ಮಾಡಿದ್ದಕ್ಕೆ ತಂಗಿ ಪ್ರಾಯಶ್ಚಿತ್ತ ಮಾಡ್ಕೋತಾವ್ಳೆ" ಎಂದ.

ಅವನು ಆ ಮಾತು ಹೇಳದೆ ಇದ್ದಿದ್ದರೆ, ಮನೆಗೆ ಬಂದು ನಿನ್ನ ಕಾಗದ ಓದಿ ನಾನು ಅತ್ತಿರುತ್ತಿದ್ದೆನೋ ಏನೋ. ಹೇಳಿದ. ನಾನು ಅಳಲಿಲ್ಲ.

ಅನಿತಾ


ಬಳ್ಳಾರಿ ಜೈಲು
17 ಜುಲೈ 2024

ಅನಿತಾ,

ಹೆಚ್ಚು ಬರೆಯುವುದಿಲ್ಲ. ಗಣಪತಿ ಹಬ್ಬ ಕಳೆದು ಒಂದು ತಿಂಗಳಿಗೆ ನನ್ನನ್ನು ಬಿಡುತ್ತಾರೆ. ಅಷ್ಟರೊಳಗೆ ನೀನು ಅವನ ಹತ್ತಿರ ಹೋಗಿ ಯಾವ ಮರ, ಎಂಥ ಮರ ಎಂದು ಹೇಳಬೇಕು. ಗಿಡ ಇನ್ನೂ ಚಿಕ್ಕವು. ಕಿತ್ತು ಬೇರೆ ಇಟ್ಟುಕೊಳ್ಳಲಿ. ಈಗ ಕಿತ್ತರೆ ಯಾರಿಗೂ ಮಗನನ್ನು ಕಡಿದ ಹಾಗೆ ಅನ್ನಿಸುವುದಿಲ್ಲ.

ನೀನು ಹೇಳದಿದ್ದರೆ ಬಂದ ದಿನವೇ ನಾನು ಆ ತೋಟಕ್ಕೆ ಇಳಿದು ಒಂದೊಂದನ್ನೂ ಕೀಳುತ್ತೇನೆ. ಅವನು ಮತ್ತೆ ಪೊಲೀಸರನ್ನು ಕರೆದರೆ ಕರೆಯಲಿ. ಈ ಸಲ ಅವನು ಹೇಳುವುದು ನಿಜವೇ ಆಗಿರುತ್ತದೆ.

ತಿಮ್ಮರಾಜು


ಹಾಲ್ಕುರಿಕೆ
11 ಆಗಸ್ಟ್ 2024

ಅಣ್ಣನಿಗೆ,

ಹೇಳಿದೆ.

ಅವನ ಮನೆಗೆ ಹೋಗಿ ಮೆಲ್ಲಗೆ ಹೇಳಿದರೆ ಹೇಳಲಿಲ್ಲ ಎಂದು ನೀನು ಅನ್ನಬಹುದು. ಅದಕ್ಕೆ ಬೆಳಿಗ್ಗೆ ಡೇರಿಯ ಮುಂದೆ, ಎಲ್ಲರೂ ಹಾಲಿನ ಕ್ಯಾನು ಹಿಡಿದು ನಿಂತಿರುವಾಗ ಹೇಳಿದೆ. ಕೋರ್ಟಿನಲ್ಲಿ ಬಾರದ ಧ್ವನಿ ಅಲ್ಲಿ ಬಂತು. ನನಗೇ ಆಶ್ಚರ್ಯವಾಯಿತು.

"ದೊಡ್ಡಪ್ಪ, ನಿಮಗೆ ಕೊಟ್ಟ ಸಸಿ ಕೆಟ್ಟ ಮರದ್ದು. ಕೊಟ್ಟಿಗೆ ಹಿಂದಿನ ಮರದ ಕಾಯಿ ಅಟ್ಟಕ್ಕೆ ಹಾಕಿದರೆ ಕೊಳೆಯುತ್ತದೆ. ಗೊತ್ತಿದ್ದೇ ಕೊಟ್ಟೆ. ಕಿತ್ತು ಹಾಕಿ."

ಹುಚ್ಚಣ್ಣ ನನ್ನ ಮುಖ ನೋಡಿದ. ಆಮೇಲೆ ನಗಲು ಶುರು ಮಾಡಿದ.

"ಕೇಳುದ್ರೇನ್ರಲಾ? ಗಿಡ ಎದ್ದು ನಿಂತು ಗರಿ ಬಿಟ್ಟಿರೋದು ಕಂಡು ಹೊಟ್ಟೆ ಉರಿ. ಕೈಯಾರೆ ಕೊಟ್ಬುಟ್ಟು ಈಗ ನಿದ್ದೆ ಬತ್ತಾ ಇಲ್ಲ."

"ನಿಜ ಹೇಳ್ತಿದ್ದೀನಿ ದೊಡ್ಡಪ್ಪ."

"ನೀವು ನಿಜ ಹೇಳೋರೇ ಬುಡವ್ವ, ಕೋರ್ಟಲ್ಲೂ ಹೇಳಿದ್ಯಲ್ಲ. ಗೊನೆ ನಾನು ಕಣ್ಣಾರೆ ನೋಡಿವ್ನಿ. ಅಷ್ಟು ಕಾಯಿ ಹಿಡಿಯೋ ಮರ ಕೆಟ್ಟದ್ದಾ? ಅಣ್ಣ ಬತ್ತಾನಲ್ಲ, ಅವನು ಹೇಳಿಕೊಟ್ಟಿರ್ತಾನೆ, ನನ್ ಕೈಯಿಂದಲೇ ಕೀಳ್ಸು ಅಂತ."

ಡೇರಿಯ ಸೆಕ್ರೆಟರಿ ಯೋಗೀಶ್ ಮಾತ್ರ, "ಒಂದ್ ಕಾಯಿ ಒಡೆದು ನೋಡಣ್ಣ, ಏನು ಹೋಯ್ತದೆ" ಎಂದ. ಸರಿ, ಒಡೆದರು, ನೀರು ನೆಲಕ್ಕೆ ಚೆಲ್ಲಿತು. ಅದೇ ಮರದಿಂದ ಆಗ ತಾನೇ ಇಳಿಸಿದ ಕಾಯಿ. ಬೆಳ್ಳಗೆ, ದಪ್ಪಗೆ, ಯಾವ ದೋಷವೂ ಇಲ್ಲ. ಅಟ್ಟದ ಮೇಲೆ ವರ್ಷ ಕಳೆದ ಮೇಲೆ ತಾನೇ ಅದು ಗೊತ್ತಾಗುವುದು. ಹುಚ್ಚಣ್ಣ ತುಂಡು ಮುರಿದು ಬಾಯಿಗೆ ಹಾಕಿಕೊಂಡು ಎಲ್ಲರಿಗೂ ಹಂಚಿದ. ನನಗೂ ಕೊಟ್ಟ.

ಸಂಜೆ ನೋಡಿದರೆ ಮರಿಯಮ್ಮ ತೋಟದ ಬೇಲಿಗೆ ಹಳೇ ಚಪ್ಪಲಿ, ಪೊರಕೆ ಕಟ್ಟಿಸಿದ್ದಾಳೆ. ನನ್ನ ದೃಷ್ಟಿ ತಾಗಬಾರದೆಂದು. ನಾವು ಕಿತ್ತರೆ ಎಂದು ಕಾವಲಿಗೆ ನಾಯಿಯನ್ನೂ ಕಟ್ಟಿದ್ದಾರೆ. ಈಗಾಗಲೇ ಎರಡು ಬಾರಿ ಗೊಬ್ಬರ ಹಾಕಿಸಿದ್ದಾರೆ.

ನೀನು ಹೇಳಿದ್ದನ್ನು ಮಾಡಿದೆ.

ಅನಿತಾ


ಬಳ್ಳಾರಿ ಜೈಲು
30 ಆಗಸ್ಟ್ 2024

ಅನಿತಾ,

ನಿನ್ನ ಕಾಗದವನ್ನು ಚಿಕ್ಕಹನುಮಯ್ಯನಿಗೆ ಓದಿ ಹೇಳಿದೆ. ಅವನು ನಗಲಿಲ್ಲ. "ನಿನ್ ತಂಗಿ ಎಷ್ಟು ಓದವ್ಳೆ?" ಎಂದು ಕೇಳಿದ. ಪ್ರೈಮರಿ ಎಂದೆ. "ಸಾಕು" ಎಂದ.

ಒಂದೇ ಒಂದು ವಿಷಯಕ್ಕೆ ಉತ್ತರ ಬರೆ. ಡೇರಿಯ ಮುಂದೆ ಹೋಗಿ ಹೇಳಿದೆಯಲ್ಲ, ಅವನು ನಂಬಲಿ ಎಂದು ಹೇಳಿದೆಯೋ, ನಂಬದಿರಲಿ ಎಂದೋ?

ನಿಜ ಬರೆ. ನಾನು ಆ ಮನೆಯಲ್ಲಿ ನಿನ್ನ ಕೈ ಅಡುಗೆ ಉಣ್ಣಬೇಕು.

ತಿಮ್ಮರಾಜು


ಹಾಲ್ಕುರಿಕೆ
14 ಸೆಪ್ಟೆಂಬರ್ 2024

ಅಣ್ಣನಿಗೆ,

ಮನೆಯಿಂದ ಹೊರಟಾಗ ನಂಬಲಿ ಎಂದೇ ಹೊರಟೆ. ದೇವರ ಮುಂದೆ ದೀಪ ಹಚ್ಚಿಯೇ ಹೊರಟೆ. ನಿನ್ನನ್ನು ಮತ್ತೆ ಕರೆದುಕೊಂಡು ಹೋಗುವುದನ್ನು ನಾನು ನೋಡಲಾರೆ. ದಾರಿಯಲ್ಲಿ ಅವನ ಹೊಸ ಅಟ್ಟ ಕಾಣಿಸಿತು. ಅವನ ಮಾತು ನೆನಪಾಯಿತು. ಅಣ್ಣ ಮಾಡಿದ್ದಕ್ಕೆ ಎಂದಿದ್ದನಲ್ಲ, ಅದು. ಡೇರಿ ತಲುಪುವ ಹೊತ್ತಿಗೆ ನಂಬದಿರಲಿ ಎಂದು ಬೇಡಿಕೊಳ್ಳುತ್ತಿದ್ದೆ. ಮನೆಯೊಳಗೆ ಕರೆದು ಅಜ್ಜಿಯ ಕಥೆ, ಚಿಕ್ಕಜ್ಜಿಯ ಹಿತ್ತಲು ಎಲ್ಲವನ್ನೂ ಬಿಡಿಸಿ ಹೇಳಿದ್ದರೆ ಅವನು ನಂಬುತ್ತಿದ್ದ. ಜನರ ಮುಂದೆ ಹೇಳಿದರೆ ನಂಬುವುದಿಲ್ಲ, ಅವನನ್ನು ನಾನು ಬಲ್ಲೆ. ನೀನು ಕೇಳಿದೆ, ಅದಕ್ಕೆ ಬರೆದೆ. ಉಣ್ಣುವುದು ಬಿಡುವುದು ನಿನ್ನ ಇಷ್ಟ.

ಆ ಮಗುವಿನ ವಿಷಯ ನೀನು ಬರೆದಿದ್ದೆ. ನಾನೂ ಯೋಚಿಸಿದ್ದೇನೆ. ಹುಚ್ಚಣ್ಣ ಬದುಕಿರುವಾಗ ಒಂದು ದಿನ ಅವನು ಬಂದು, ಬೆಂಕಿ ಹಾಕಿದ್ದು ತಿಮ್ಮರಾಜು ಅಲ್ಲ ಎಂದು ಅದೇ ಡೇರಿಯ ಮುಂದೆ ಹೇಳಲಿ. ಆ ಸಂಜೆಯೇ ಬಾವಿ ಪಕ್ಕದ ತಾಯಿ ಮರದ ಸಸಿಗಳನ್ನು ನನ್ನ ತಲೆಯ ಮೇಲೆ ಹೊತ್ತುಕೊಂಡು ಹೋಗಿ ನೆಟ್ಟು ಬರುತ್ತೇನೆ. ಹಿತ್ತಲಿನಲ್ಲಿ ಎಬ್ಬಿಸುತ್ತಿದ್ದೇನೆ, ಪ್ರತಿ ವರ್ಷವೂ ಎಬ್ಬಿಸುತ್ತೇನೆ. ಅವನು ಹೇಳುವುದಿಲ್ಲ. ಆದರೂ ಎಬ್ಬಿಸುತ್ತೇನೆ.

ಬರುವ ದಾರಿ ಹೇಳುತ್ತೇನೆ, ಕೇಳು. ತಿಪಟೂರಿನಲ್ಲಿ ಇಳಿದು ನಮ್ಮ ಊರಿನ ಬಸ್ಸು ಹತ್ತು. ಬಸ್ಸು ಊರೊಳಕ್ಕೆ ಬರುವುದಿಲ್ಲ, ಗೇಟಿನಲ್ಲಿ ಇಳಿಸುತ್ತದೆ. ಅಲ್ಲಿಂದ ಅವನ ತೋಟದ ಪಕ್ಕದಲ್ಲೇ ನಡೆದು ಬರಬೇಕು, ಬೇರೆ ದಾರಿಯಿಲ್ಲ. ಬೇಲಿಯ ಕಡೆ ತಿರುಗಬೇಡ. ನಾಯಿ ಬೊಗಳಿದರೆ ಬೊಗಳಲಿ. ಒಂದು ಗರಿಯನ್ನು ನೀನು ಮುಟ್ಟಿದರೂ ಅವನು ಗೆದ್ದ ಹಾಗೆ, ನಾನೂ ಅಮ್ಮನೂ ಮತ್ತೆ ಕಾಗದ ಬರೆಯುತ್ತಾ ಕೂರಬೇಕು. ಅವನು ಎದುರು ಸಿಕ್ಕಿ, "ಏನ್ಲಾ, ಬಂದ್ಯಾ?" ಎಂದರೆ, "ಬಂದೆ ದೊಡ್ಡಪ್ಪ" ಎನ್ನು.

ಈ ವರ್ಷ ಅವನು ಕೊಳವೆಬಾವಿಯಿಂದ ರಸ್ತೆಗೆ ಅಡ್ಡವಾಗಿ ಪೈಪು ಎಳೆದಿದ್ದಾನೆ. ಅದು ಗಿಡಗಳಿಗೆ ಹೋಗುವ ನೀರು. ತುಳಿಯಬೇಡ, ದಾಟಿಕೊಂಡು ಬಾ.

ಅನಿತಾ